ಓದುಗರ ಪ್ರಶ್ನೆ: ಹಳಿ ದಾಟೋಕೆ ಯಾರನ್ನು ಕೇಳಬೇಕು?

ಈ ಸಲದ ಪುಟ ಪೂರ್ತಿ ಒಂದೇ ವಿಷಯಕ್ಕೆ. ಅಮೆರಿಕದ ಉತ್ತರದ ರಾಜ್ಯಗಳಲ್ಲಿರುವ ನಮ್ಮ ಓದುಗರಲ್ಲಿ ಸುಮಾರು ಜನ ಈಗ ಸ್ನೋಮೊಬೈಲ್ ಇಟ್ಟುಕೊಂಡಿದ್ದಾರೆ. ಕೆಲವರು ಕಾಡಿನ ಪಕ್ಕ ಜಾಗ ಕೊಂಡು ಕ್ಯಾಬಿನ್ ಕಟ್ಟಿಸಿದ್ದಾರೆ. ನೋಡಿಲ್ಲದವರಿಗೆ ಒಂದು ಮಾತು: ಮುಂದೆ ಎರಡು ಸ್ಕೀ, ಹಿಂದೆ ಅಗಲವಾದ ರಬ್ಬರ್ ಪಟ್ಟಿ, ಬೈಕಿನ ಹಾಗೆ ಕೂತು ಹಿಮದ ಮೇಲೆ ಓಡಿಸುವ ಗಾಡಿ ಅದು. ವಿಸ್ಕಾನ್ಸಿನ್‌ನ ಸೇನರ್ ಅನ್ನುವ ಸಣ್ಣ ಊರಿನ ಕಾರ್ಲ್ ಎಲಿಯಾಸನ್ 1924ರಲ್ಲಿ ಇಂಥದ್ದೊಂದನ್ನು ಕಟ್ಟಿ ಓಡಿಸಿದರು. ಇವತ್ತು ಆ ರಾಜ್ಯ ಒಂದರಲ್ಲೇ ಸುಮಾರು 25,000 ಮೈಲಿ ಟ್ರೇಲ್ ಇದೆ. ಅಷ್ಟು ಉದ್ದದ ದಾರಿಗೆ ಎಲ್ಲಾದರೂ ಒಂದು ಕಡೆ ರೈಲು ಹಳಿ ಅಡ್ಡ ಬಂದೇ ಬರುತ್ತದೆ.

ಇಂಥ ಟ್ರೇಲ್ ನೋಡಿಕೊಳ್ಳುವ ಇಲ್ಲಿನ ಒಂದು ಸ್ನೋಮೊಬೈಲ್ ಕ್ಲಬ್ಬಿನಲ್ಲಿ ನಾನು ಹನ್ನೊಂದು ಚಳಿಗಾಲ ಕೆಲಸ ಮಾಡಿದ್ದೇನೆ. ಎರಡು ಕ್ರಾಸಿಂಗ್‌ಗಳ ಕಾಗದಪತ್ರ ನಾನೇ ಓಡಾಡಿ ಮಾಡಿಸಿದ್ದೇನೆ. ಒಂದು ಸಿಕ್ಕಿತು, ಒಂದು ಸಿಗಲಿಲ್ಲ. ಗೊತ್ತಿರುವುದನ್ನು ನೇರವಾಗಿ ಹೇಳುತ್ತೇನೆ.

ಪ್ರಶ್ನೆ: ವಿಸ್ಕಾನ್ಸಿನ್‌ನ ಉತ್ತರದಲ್ಲಿ ನಮಗೆ 40 ಎಕರೆ ಇದೆ ಸರ್. ಜಮೀನಿನ ಹಿಂದೆಯೇ ರೈಲು ಹಳಿ. ಅದರ ಆಚೆ ಕ್ಲಬ್ಬಿನ ಟ್ರೇಲ್, ಕೂಗಿದರೆ ಕೇಳುವಷ್ಟು ಹತ್ತಿರ. ರಸ್ತೆ ಕಡೆಯಿಂದ ಹೋದರೆ ಆರು ಮೈಲಿ ಸುತ್ತು. ದಿನಕ್ಕೆ ಎರಡೋ ಮೂರೋ ಗೂಡ್ಸ್ ಗಾಡಿ ಬರುತ್ತದೆ ಅಷ್ಟೆ. ಹಳಿ ಮಧ್ಯೆ ನಾಲ್ಕು ಹಲಗೆ ಹಾಕಿಕೊಂಡು ದಾಟಿದರೆ ತಪ್ಪೇನು? ಪರ್ಮಿಟ್ ಬೇಕೇ ಬೇಕು ಅಂದರೆ ಕೊಡುವವರು ಯಾರು?

ಉತ್ತರ: ಹಲಗೆ ಹಾಕಬೇಡಿ. ದಯವಿಟ್ಟು ಹಾಕಬೇಡಿ. ಈಗಾಗಲೇ ಹಾಕಿದ್ದರೆ ನೀವಾಗಿ ಹಳಿ ಮೇಲೆ ಹೋಗಿ ಕೀಳುವುದೂ ಬೇಡ. ಹತ್ತಿರದ ರಸ್ತೆ ಕ್ರಾಸಿಂಗ್‌ನಲ್ಲಿ ರೈಲ್ವೆಯ ತುರ್ತು ಫೋನ್ ನಂಬರ್ ಬರೆದ ಒಂದು ನೀಲಿ ಬೋರ್ಡ್ ಇರುತ್ತದೆ, ಅದರಲ್ಲಿರುವ ನಂಬರಿಗೆ ಫೋನ್ ಮಾಡಿ ಈಗಲೇ ಹೇಳಿ. ಬೈದರೂ ಪರವಾಗಿಲ್ಲ.

ಯಾಕೆ ಅಂತ ಹೇಳುತ್ತೇನೆ. ಹಳಿಯ ಒಳಬದಿಯಲ್ಲಿ ಸುಮಾರು ಎರಡೂವರೆ ಇಂಚಿನ ಸಂದು ಖಾಲಿ ಇರಲೇಬೇಕು. ರೈಲಿನ ಚಕ್ರದ ಒಳಗಡೆ ಒಂದು ಅಂಚು ಇರುತ್ತದಲ್ವಾ, ಅದು ಓಡುವುದು ಆ ಸಂದಿನಲ್ಲಿ. ನೀವು ಹಲಗೆಯನ್ನು ಹಳಿಗೆ ತಾಗಿಸಿ ಇಟ್ಟರೆ, ಅಥವಾ ಸಂದು ಬಿಟ್ಟೇ ಇಟ್ಟರೂ ಅದರೊಳಗೆ ಹಿಮ ಸೇರಿ, ಮೇಲೆ ಗಾಡಿಗಳು ಓಡಿ ತುಳಿದು, ರಾತ್ರಿ ಮೈನಸ್ ಇಪ್ಪತ್ತಕ್ಕೆ ಇಳಿದು ಅದು ಕಲ್ಲಿನಂತೆ ಗಟ್ಟಿಯಾದರೆ, ಚಕ್ರ ಆ ಮಂಜುಗಡ್ಡೆಯ ಮೇಲೆ ಹತ್ತಿ ಹಳಿ ಬಿಟ್ಟು ಇಳಿಯಬಹುದು. ತುಂಬಿದ ಒಂದು ಗೂಡ್ಸ್ ಬೋಗಿ 286,000 ಪೌಂಡ್‌ವರೆಗೂ ತೂಗುತ್ತದೆ, ಅಂದರೆ ಸುಮಾರು 130 ಟನ್. ಅಂಥ ನೂರು ಬೋಗಿ ಹಿಂದಿರುತ್ತವೆ. ನಿಮ್ಮ ಸ್ನೋಮೊಬೈಲ್ 600 ಪೌಂಡಿನ ಆಸುಪಾಸು.

ಇನ್ನೊಂದು ವಿಷಯ ಸುಮಾರು ಜನಕ್ಕೆ ಗೊತ್ತೇ ಇರುವುದಿಲ್ಲ. ಸಿಗ್ನಲ್ ಇರುವ ಕಡೆ ಎರಡು ಹಳಿಗಳಲ್ಲೂ ಸಣ್ಣ ಕರೆಂಟ್ ಹರಿಯುತ್ತಿರುತ್ತದೆ. ರೈಲಿನ ಗಾಲಿ ಮತ್ತು ಅಚ್ಚು ಎರಡೂ ಹಳಿಯನ್ನು ಸೇರಿಸಿದಾಗ ಇಲ್ಲಿ ರೈಲಿದೆ ಅಂತ ಸಿಗ್ನಲ್‌ಗೆ ತಿಳಿಯುವುದು. ನೀವು ಕಬ್ಬಿಣದ ಯಾವುದಾದರೂ ಪಟ್ಟಿಯನ್ನು ಎರಡೂ ಹಳಿಗೆ ತಾಗುವಂತೆ ಅಡ್ಡ ಇಟ್ಟರೆ ಇಲ್ಲದ ರೈಲು ಇದೆ ಅಂತ ಆಗುತ್ತದೆ. ಎಲ್ಲೋ ಒಂದು ಗೇಟ್ ಸುಮ್ನೆ ಬೀಳುತ್ತದೆ, ಎಲ್ಲೋ ಒಂದು ಗಾಡಿ ಕೆಂಪು ಸಿಗ್ನಲ್ ನೋಡಿ ನಿಲ್ಲುತ್ತದೆ.

ಮತ್ತೆ ಆ ಜಾಗ ನಿಮ್ಮದಲ್ಲ. ಎಷ್ಟೋ ಕಡೆ ಹಳಿಯ ಎರಡೂ ಪಕ್ಕ ಸೇರಿ 100 ಅಡಿ ಅಗಲದ ಪಟ್ಟಿ ರೈಲ್ವೆ ಕಂಪನಿಯದ್ದೇ ಆಗಿರುತ್ತದೆ. ಇಲ್ಲಿ ಗೂಡ್ಸ್ ರೈಲು ಓಡಿಸುವವರು ಬಹುಮಟ್ಟಿಗೆ ಖಾಸಗಿ ಕಂಪನಿಗಳು, ಜಾಗವೂ ಅವರದ್ದೇ. ಬೇಲಿ ಇಲ್ಲ ಅಂತ ಯಾರದ್ದೂ ಅಲ್ಲ ಅಂದುಕೊಳ್ಳಬಾರದು. ಅಪ್ಪಣೆ ಇಲ್ಲದೆ ಒಳಗೆ ಹೋದರೆ ಅತಿಕ್ರಮ ಪ್ರವೇಶ.

ಈಗ ಪರ್ಮಿಟ್ ವಿಷಯ. ವಿಸ್ಕಾನ್ಸಿನ್‌ನಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ, ಯಾಕೆಂದರೆ ಸ್ನೋಮೊಬೈಲ್ ಹಳಿ ದಾಟುವುದಕ್ಕೆ ಅಂತಲೇ ಕಾನೂನು ಬರೆದಿಟ್ಟಿದ್ದಾರೆ. ರಾಜ್ಯದ ಕಾನೂನಿನ 350ನೇ ಅಧ್ಯಾಯ ಸ್ನೋಮೊಬೈಲ್‌ದು. ಅದರಲ್ಲಿ 350.137, 350.138, 350.139 ಈ ಮೂರೂ ಸೆಕ್ಷನ್ ಹಳಿ ದಾಟುವ ಜಾಗಗಳದ್ದೇ. ಮೊದಲನೆಯದು ಕ್ರಾಸಿಂಗ್ ಹೇಗಿರಬೇಕು, ಹೇಗೆ ನೋಡಿಕೊಳ್ಳಬೇಕು ಅನ್ನುವ ಒಂದೇ ಥರದ ನಿಯಮ. ಎರಡನೆಯದು ಪರ್ಮಿಟ್. ಮೂರನೆಯದು ಮೊದಲಿನಿಂದ ಇದ್ದ ಹಳೇ ಕ್ರಾಸಿಂಗ್‌ಗಳದ್ದು. ಪರ್ಮಿಟ್ ನೋಡಿಕೊಳ್ಳುವುದು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ, ಇಲ್ಲಿ ಎಲ್ಲರೂ ಡಿಎನ್‌ಆರ್ ಅನ್ನುತ್ತಾರೆ.  ಬೇರೆ ಎಷ್ಟೋ ರಾಜ್ಯಗಳಲ್ಲಿ ಇಂಥ ಬೇರೆ ಕಾನೂನು ಇಲ್ಲ. ಅಲ್ಲಿ ನೇರವಾಗಿ ರೈಲ್ವೆ ಕಂಪನಿಯ ಹತ್ತಿರ ಲೈಸೆನ್ಸ್ ಒಪ್ಪಂದಕ್ಕೆ ಹೋಗಬೇಕು.

ನೀವು ಮಾಡಬೇಕಾದ್ದು ಇಷ್ಟು. ನಿಮ್ಮ ಹೆಸರಲ್ಲಿ ಕೇಳಬೇಡಿ, ಕ್ಲಬ್ಬಿನ ಹೆಸರಲ್ಲಿ ಕೇಳಿಸಿ. ಒಂದು ಮನೆಯವರಿಗೆ ಬೇಕು ಅಂದರೆ ಯಾವ ರೈಲ್ವೆ ಕಂಪನಿಯೂ ತಲೆ ಎತ್ತಿ ನೋಡುವುದಿಲ್ಲ. ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥದ್ದರಲ್ಲಿ, ಸ್ನೋಮೊಬೈಲ್ ಟ್ರೇಲ್ ನೋಡಿಕೊಳ್ಳಲು ಒಬ್ಬ ಕೋಆರ್ಡಿನೇಟರ್ ಇರುತ್ತಾರೆ, ಮೊದಲು ಅವರ ಹತ್ತಿರ ಕೂತು ಮ್ಯಾಪ್ ಬಿಚ್ಚಿ. ಅವರು ಕೇಳುವ ಮೊದಲ ಪ್ರಶ್ನೆಯನ್ನು ನಾನೇ ಹೇಳಿಬಿಡುತ್ತೇನೆ: ಪಕ್ಕದಲ್ಲಿ ರಸ್ತೆ ಕ್ರಾಸಿಂಗ್ ಇದೆಯಾ? ಇದ್ದರೆ ಟ್ರೇಲನ್ನೇ ಅಲ್ಲಿಗೆ ತಿರುಗಿಸಿ, ರಸ್ತೆ ಪಕ್ಕದ ಚರಂಡಿಯ ಗುಂಟ ಬಂದು, ರಸ್ತೆ ದಾಟುವಲ್ಲೇ ಹಳಿಯನ್ನೂ ದಾಟಿಸುವುದು ಎಲ್ಲಕ್ಕಿಂತ ಸುಲಭ. ಅದಕ್ಕೂ ರಸ್ತೆಯವರನ್ನು, ರೈಲ್ವೆಯವರನ್ನು ಕೇಳಬೇಕು, ಆದರೆ ಹೊಸ ಕ್ರಾಸಿಂಗ್ ಕೇಳಿದಷ್ಟು ಕಷ್ಟ ಇರುವುದಿಲ್ಲ. ಹತ್ತಿರದಲ್ಲಿ ರೈಲು ಸೇತುವೆ ಇದ್ದರೆ ಅದರ ಕೆಳಗೆ ನುಸುಳಲು ದಾರಿ ಇದೆಯಾ ಅಂತಲೂ ನೋಡಿ. ನಿಮ್ಮ ಆರು ಮೈಲಿ ಸುತ್ತು ಎರಡು ಮೈಲಿಗೆ ಇಳಿದರೆ ಅದೇ ಗೆಲುವು ಅಂತ ತಿಳಿಯಿರಿ.

ಅದ್ಯಾವುದೂ ಆಗದಿದ್ದರೆ ಮಾತ್ರ ಹೊಸ ಕ್ರಾಸಿಂಗ್. ಆಗ ಜಾಗದ ನಕ್ಷೆ ಬೇಕು, ರೈಲ್ವೆ ಮೈಲಿಕಲ್ಲಿನ ಲೆಕ್ಕ ಬೇಕು, ಎರಡೂ ಕಡೆಯ ಜಮೀನಿನವರ ಒಪ್ಪಿಗೆ ಪತ್ರ ಬೇಕು, ಕ್ಲಬ್ಬಿನ ಇನ್ಶೂರೆನ್ಸ್ ಬೇಕು, ಆ ಪಾಲಿಸಿಯಲ್ಲಿ ರೈಲ್ವೆ ಕಂಪನಿಯ ಹೆಸರನ್ನೂ ಸೇರಿಸಿ ಅಂತ ಸಾಮಾನ್ಯವಾಗಿ ಕೇಳುತ್ತಾರೆ. ಹಳಿ ಹತ್ತಿರ ಕೆಲಸ ನಡೆಯುವಾಗ ರೈಲು ಬರುವುದನ್ನು ನೋಡಿ ಎಚ್ಚರಿಸಲು ರೈಲ್ವೆಯ ಒಬ್ಬ ಫ್ಲ್ಯಾಗ್‌ಮನ್ ನಿಂತಿರಬೇಕು, ಅವರ ದಿನದ ಖರ್ಚು ನಿಮ್ಮದೇ. ಹಳಿ ಮಧ್ಯದ ಹಲಗೆ ಕೂರಿಸುವ ಕೆಲಸವನ್ನು ಬಹಳ ಕಡೆ ರೈಲ್ವೆಯವರೇ ಮಾಡುತ್ತಾರೆ, ಬಿಲ್ ಕ್ಲಬ್ಬಿಗೆ ಬರುತ್ತದೆ. ನಮ್ಮ ಕ್ಲಬ್ಬಿನವರು ಅದಕ್ಕಾಗಿ ಎರಡು ಚಳಿಗಾಲ ಪ್ರತಿ ಶುಕ್ರವಾರ ಮೀನು ಕರಿದು ಮಾರಿ ದುಡ್ಡು ಕೂಡಿಸಿದರು.

ಬೇಸಿಗೆಯಲ್ಲೇ ಶುರು ಮಾಡಿ. ಹಿಮ ಬಿದ್ದ ಮೇಲೆ ಅರ್ಜಿ ಹಾಕಿದರೆ ಆ ವರ್ಷದ ಆಸೆ ಬಿಟ್ಟ ಹಾಗೆ.

ಪ್ರಶ್ನೆ: ನಮ್ಮ ಕ್ಲಬ್ಬಿನ ಅರ್ಜಿ ಕೊಟ್ಟು ಒಂದು ವರ್ಷ ದಾಟಿತು. ಹನ್ನೆರಡು ಅಡಿ ಅಗಲದ ಒಂದು ದಾರಿಗೆ ಇಷ್ಟು ಯಾಕೆ ಸತಾಯಿಸುತ್ತಾರೆ? ರೈಲ್ವೆಯವರಿಗೆ ನಮ್ಮಂಥವರ ಮೇಲೆ ಸಿಟ್ಟೇ? — ಮಿನ್ನೆಸೋಟಾದ ಡುಲೂತ್ ಹತ್ತಿರದ ಓದುಗರು

ಉತ್ತರ: ಸಿಟ್ಟಲ್ಲ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ, ಫೋನಿನಲ್ಲಿ ಜಗಳವನ್ನೂ ಆಡಿದ್ದೆ. ಮನಸ್ಸು ಬದಲಾಗಿದ್ದು ಒಂದು ಅಕ್ಟೋಬರ್ ಬೆಳಗ್ಗೆ.

ಅವತ್ತು ಜಾಗ ನೋಡಲು ರೈಲ್ವೆಯ ರೋಡ್‌ಮಾಸ್ಟರ್ ಬಂದಿದ್ದರು. ಆ ಭಾಗದ ಹಳಿಗಳ ಹೊಣೆ ಹೊತ್ತವರನ್ನು ಹಾಗೆ ಕರೆಯುತ್ತಾರೆ. ಅರವತ್ತರ ಹತ್ತಿರದ ಮನುಷ್ಯ, ಜಾಸ್ತಿ ಮಾತಿಲ್ಲ. ನಾವು ಗೂಟ ಹೊಡೆದು ಇಲ್ಲೇ ಬೇಕು ಅಂತ ತೋರಿಸಿದೆವು. ಅವರು ನನ್ನನ್ನು ಹಳಿಯಿಂದ ಇಪ್ಪತ್ತು ಹೆಜ್ಜೆ ಹಿಂದೆ ಕರೆದುಕೊಂಡು ಹೋಗಿ, ಮಂಡಿಯೂರಿ ಕೂತುಕೊಳ್ಳಿ ಅಂದರು. ಸ್ನೋಮೊಬೈಲ್ ಮೇಲೆ ಕೂತವನ ಕಣ್ಣು ಆ ಎತ್ತರದಲ್ಲಿ ಇರುತ್ತದೆ. ಕೂತೆ. ಈಗ ಎಡಕ್ಕೆ ನೋಡಿ, ಏನು ಕಾಣುತ್ತದೆ? ಪೊದೆ ಕಂಡಿತು. ಪೊದೆಯ ಹಿಂದೆ ಹಳಿ ತಿರುಗಿತ್ತು. ನಿಂತು ನೋಡಿದಾಗ ಕಾಣುತ್ತಿದ್ದ ತಿರುವು ಕೂತಾಗ ಇಲ್ಲವೇ ಇಲ್ಲ. ಅವರು ವಾಚ್ ನೋಡಿಕೊಂಡು, ಐದು ನಿಮಿಷ ಹೀಗೇ ಇರಿ ಅಂದರು. ರೈಲು ಬಂತು. ನನಗೆ ಮೊದಲು ಕಂಡಿದ್ದು ದೀಪವಲ್ಲ, ಪೊದೆ ಅಲುಗಾಡಿದ್ದು. ಆಮೇಲೆ ಎಂಜಿನ್ ಎದುರಿಗೇ ಇತ್ತು. ಹೆಲ್ಮೆಟ್ ಇಲ್ಲದೆ, ನನ್ನ ಕೆಳಗೆ ಎಂಜಿನ್ ಓಡದೆ, ಹಗಲು ಹೊತ್ತಲ್ಲಿ.

ಗೂಟ ಕಿತ್ತೆವು. ಮುನ್ನೂರು ಅಡಿ ಆಚೆ, ನೇರ ಹಳಿ ಇರುವ ಕಡೆ, ಹೊಸದಾಗಿ ಹೊಡೆದೆವು. ಅದಕ್ಕಾಗಿ ಟ್ರೇಲ್ ತಿರುಗಿಸಲು ಇನ್ನೊಬ್ಬ ರೈತರ ಒಪ್ಪಿಗೆ ಬೇಕಾಯಿತು, ಆರು ತಿಂಗಳು ಹೆಚ್ಚಿಗೆ ಹಿಡಿಯಿತು. ಆ ಆರು ತಿಂಗಳ ಬಗ್ಗೆ ನನಗೆ ಒಂದು ಚೂರೂ ಬೇಸರ ಇಲ್ಲ.

ಲೆಕ್ಕ ಹಾಕಿ ನೋಡಿ. ಗಂಟೆಗೆ 55 ಮೈಲಿ ಅಂದರೆ ಸೆಕೆಂಡಿಗೆ ಸುಮಾರು 80 ಅಡಿ. ನಿಂತ ಸ್ನೋಮೊಬೈಲ್ ಹೊರಟು, ಏರು ಹತ್ತಿ, ಹಳಿ ದಾಟಿ, ಹಿಂಬದಿಯೂ ಆಚೆ ಸೇರಲು ಹತ್ತು ಸೆಕೆಂಡ್ ಹಿಡಿಯಿತು ಅನ್ನೋಣ. ಅಷ್ಟರಲ್ಲಿ ರೈಲು 800 ಅಡಿ ಬಂದಿರುತ್ತದೆ. ನಿಮಗೆ ಅದಕ್ಕಿಂತ ಚೆನ್ನಾಗಿ ದೂರ ಕಾಣಬೇಕು, ಎರಡೂ ಕಡೆಗೆ. ರೈಲು ಓಡಿಸುವವರು ನಿಮ್ಮನ್ನು ನೋಡಿ ಬ್ರೇಕ್ ಹಾಕಿದರೂ ಅಂಥ ಗೂಡ್ಸ್ ಗಾಡಿ ನಿಲ್ಲಲು ಒಂದು ಮೈಲಿ ಅಥವಾ ಇನ್ನೂ ಜಾಸ್ತಿ ಬೇಕು. ಅವರಿಗೆ ತಿರುಗಿಸಲು ಸ್ಟಿಯರಿಂಗ್ ಇಲ್ಲ. ನೋಡುತ್ತಾ ಕೂರಬೇಕಷ್ಟೆ, ಆಮೇಲೆ ಜೀವನವಿಡೀ ಅದನ್ನು ನೆನೆಯಬೇಕು. ರೈಲ್ವೆಯವರು ಬೇಡ ಅನ್ನುವಾಗ ಅವರ ತಲೆಯಲ್ಲಿ ಇರುವುದು ಇದು.

ಇದರ ಮೇಲೆ ದೇಶದ ನೀತಿಯೂ ಹೊಸ ಕ್ರಾಸಿಂಗ್‌ಗೆ ಎದುರಾಗಿಯೇ ಇದೆ. 1991ರಲ್ಲಿ ರೈಲು ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಫೆಡರಲ್ ರೈಲ್‌ರೋಡ್ ಅಡ್ಮಿನಿಸ್ಟ್ರೇಷನ್ ದೇಶದ ಕ್ರಾಸಿಂಗ್‌ಗಳಲ್ಲಿ ನಾಲ್ಕರಲ್ಲೊಂದನ್ನು ಮುಚ್ಚಬೇಕು ಅನ್ನುವ ಗುರಿ ಇಟ್ಟುಕೊಂಡಿತು. ಅಂದಿನಿಂದ ಗಾಳಿ ಮುಚ್ಚುವ ಕಡೆಗೇ ಬೀಸುತ್ತಿದೆ. ಅದಕ್ಕೇ ಒಂದು ಕಿವಿಮಾತು. ನಿಮ್ಮ ಟ್ರೇಲ್ ಈಗಾಗಲೇ ಎರಡು ಕಡೆ ಹಳಿ ದಾಟುತ್ತಿದ್ದರೆ, ಅದರಲ್ಲಿ ಕೆಟ್ಟದ್ದನ್ನು ಬಿಟ್ಟುಕೊಡುತ್ತೇವೆ, ಬದಲಿಗೆ ಇಲ್ಲಿ ಒಂದು ಒಳ್ಳೆಯದು ಕೊಡಿ ಅಂತ ಕೇಳಿ. ಸುಮ್ನೆ ಇನ್ನೊಂದು ಕೊಡಿ ಅನ್ನುವುದಕ್ಕಿಂತ ಈ ಮಾತಿಗೆ ಬೆಲೆ ಜಾಸ್ತಿ.

ಮತ್ತೆ ಅರ್ಜಿ ಯಾರ ಮೇಜಿನ ಮೇಲಿದೆ ಅಂತ ತಿಂಗಳಿಗೊಮ್ಮೆ ವಿಚಾರಿಸುತ್ತಿರಿ. ದೊಡ್ಡ ಕಂಪನಿಗಳಲ್ಲಿ ಜಮೀನು ವಿಭಾಗ ಒಂದು ಊರಲ್ಲಿ, ಎಂಜಿನಿಯರಿಂಗ್ ಇನ್ನೊಂದು ಊರಲ್ಲಿ, ಹಳಿ ನೋಡಿಕೊಳ್ಳುವವರು ಮೂರನೇ ಊರಲ್ಲಿ. ನಮ್ಮ ಫೈಲ್ ಒಂದು ಸಲ ನಾಲ್ಕು ತಿಂಗಳು ಯಾರ ಹತ್ತಿರವೂ ಇರಲಿಲ್ಲ. ರೋಡ್‌ಮಾಸ್ಟರ್ ಜೊತೆ ಪರಿಚಯ ಇದ್ದದ್ದಕ್ಕೆ ಅದು ಮತ್ತೆ ಸಿಕ್ಕಿತು.

ಪ್ರಶ್ನೆ: ನಮ್ಮೂರ ಹತ್ತಿರದ ಹಳಿ ಮೇಲೆ ಹಲವು ವರ್ಷದಿಂದ ರೈಲು ಓಡಿದ್ದನ್ನು ನೋಡಿಲ್ಲ. ತುಕ್ಕು ಹಿಡಿದಿದೆ, ಮಧ್ಯೆ ಗಿಡ ಬೆಳೆದಿದೆ. ಅದಕ್ಕೂ ಪರ್ಮಿಟ್ ಬೇಕಾ?

ಉತ್ತರ: ಬೇಕು. ರೈಲು ಓಡದೆ ಇರುವುದು ಬೇರೆ, ಹಳಿಯನ್ನು ಕಾನೂನಿನ ಪ್ರಕಾರ ಕೈಬಿಟ್ಟಿರುವುದು ಬೇರೆ. ಕೈಬಿಡಬೇಕಾದರೆ ರೈಲ್ವೆ ಕಂಪನಿ ವಾಷಿಂಗ್ಟನ್‌ನಲ್ಲಿರುವ ಕೇಂದ್ರ ಸರ್ಕಾರದ ಮಂಡಳಿ ಸರ್ಫೇಸ್ ಟ್ರಾನ್ಸ್‌ಪೋರ್ಟೇಷನ್ ಬೋರ್ಡಿನ ಅಪ್ಪಣೆ ಪಡೆಯಬೇಕು. ಅದು ಆಗುವವರೆಗೆ ಆ ಹಳಿ ಜೀವಂತ ಅಂತಲೇ ಲೆಕ್ಕ. ನಾಳೆ ಬೆಳಗ್ಗೆ ಹಳಿ ಪರೀಕ್ಷೆ ಮಾಡುವ ಸಣ್ಣ ಗಾಡಿಯೋ, ಖಾಲಿ ಬೋಗಿ ನಿಲ್ಲಿಸಲು ಒಂದು ಎಂಜಿನ್ನೋ ಬರಬಹುದು.

ಆದರೆ ನಿಮ್ಮ ಪ್ರಶ್ನೆಯಲ್ಲಿ ಒಂದು ಒಳ್ಳೆ ದಾರಿಯೂ ಇದೆ. 1983ರಲ್ಲಿ ರಾಷ್ಟ್ರೀಯ ಟ್ರೇಲ್ ಕಾನೂನಿಗೆ ತಿದ್ದುಪಡಿ ತಂದು, ಬೇಡವಾದ ರೈಲು ದಾರಿಯನ್ನು ತುಂಡು ಮಾಡಿ ಮಾರುವ ಬದಲು ಟ್ರೇಲ್ ಆಗಿ ಉಳಿಸಿಕೊಳ್ಳಲು ಅವಕಾಶ ಮಾಡಿದರು. ಇದಕ್ಕೆ ರೈಲ್‌ಬ್ಯಾಂಕಿಂಗ್ ಅನ್ನುತ್ತಾರೆ. ಮುಂದೆ ರೈಲು ಬೇಕಾದರೆ ವಾಪಸ್ ಕೊಡಬೇಕು ಅನ್ನುವ ಷರತ್ತು ಇರುತ್ತದೆ. ಅದಕ್ಕೂ ಮೊದಲೇ, 1967ರಲ್ಲಿ, ವಿಸ್ಕಾನ್ಸಿನ್‌ನ ಎಲ್‌ರಾಯ್‌ನಿಂದ ಸ್ಪಾರ್ಟಾವರೆಗೆ 32 ಮೈಲಿ ಹಳೇ ರೈಲು ದಾರಿ ಟ್ರೇಲ್ ಆಗಿತ್ತು. ಮೂರು ಸುರಂಗ ಇರುವ ಚಂದದ ದಾರಿ. ಬೇಸಿಗೆಯಲ್ಲಿ ಸೈಕಲ್, ಚಳಿಗಾಲದಲ್ಲಿ ಸ್ನೋಮೊಬೈಲ್. ನಿಮ್ಮೂರ ಹಳಿಗೂ ಅಂಥ ದಿನ ಬರಬಹುದು. ಅದರ ಸ್ಥಿತಿ ಏನು ಅಂತ ಕೌಂಟಿಯಲ್ಲಿ ಕೇಳಿ. ಅಲ್ಲಿಯವರೆಗೆ ಗಿಡ ಬೆಳೆದಿದೆ ಅಂತ ನುಗ್ಗಬೇಡಿ.

ಪ್ರಶ್ನೆ: ನಾನು ಓದಲು ಬಂದವನು, ಮೂಲ ದಾವಣಗೆರೆ. ಈ ಚಳಿಗಾಲ ಗೆಳೆಯರ ಜೊತೆ ಮೊದಲ ಸಲ ಸ್ನೋಮೊಬೈಲ್ ಬಾಡಿಗೆಗೆ ತೆಗೆದುಕೊಂಡು ಮಿಷಿಗನ್‌ನ ಉತ್ತರಕ್ಕೆ ಹೋಗುತ್ತಿದ್ದೇವೆ. ಪರ್ಮಿಟ್ ಇರುವ ಕ್ರಾಸಿಂಗ್ ಅಂದ ಮೇಲೆ ಭಯ ಇಲ್ಲ ಅಲ್ವಾ ಅಣ್ಣ?

ಉತ್ತರ: ಪರ್ಮಿಟ್ ಇದ್ದರೆ ದಾಟಲು ಹಕ್ಕಿದೆ ಅಷ್ಟೇ ತಮ್ಮಾ. ರೈಲಿಗೆ ನಿನ್ನ ಪರ್ಮಿಟ್ ಕಾಣುವುದಿಲ್ಲ.

ಮೊದಲು ಇದನ್ನು ತಲೆಯಲ್ಲಿ ಇಟ್ಟುಕೋ. ಸಾರ್ವಜನಿಕ ರಸ್ತೆ ದಾಟುವ ಮುಂಚೆ ರೈಲು 15ರಿಂದ 20 ಸೆಕೆಂಡ್ ಹಾರ್ನ್ ಹೊಡೆಯಬೇಕು ಅಂತ ಫೆಡರಲ್ ನಿಯಮ ಇದೆ. ಕಾಡಿನೊಳಗಿನ ಖಾಸಗಿ ಟ್ರೇಲ್ ಕ್ರಾಸಿಂಗ್‌ಗೆ ಆ ನಿಯಮ ತಾನಾಗಿ ಅನ್ವಯ ಆಗುವುದಿಲ್ಲ. ಗೇಟ್ ಇರುವುದಿಲ್ಲ, ಗಂಟೆ ಇರುವುದಿಲ್ಲ, ಕೆಂಪು ದೀಪ ಇರುವುದಿಲ್ಲ. ಬಿಳಿ ಅಡ್ಡಪಟ್ಟಿಯ ಬೋರ್ಡು, ಒಂದು ಸ್ಟಾಪ್ ಬೋರ್ಡು, ಅಷ್ಟೇ ಇರಬಹುದು. ಹೊಸ ಹಿಮ ಸದ್ದನ್ನು ನುಂಗಿಬಿಡುತ್ತದೆ. ನಿನ್ನ ಎಂಜಿನ್ ಸದ್ದು, ಹೆಲ್ಮೆಟ್ಟು, ಮುಂದಿನ ಗಾಡಿ ಎಬ್ಬಿಸಿದ ಹಿಮದ ಧೂಳು, ಎಲ್ಲ ಸೇರಿದರೆ ನೂರು ಬೋಗಿಯ ರೈಲು ಕೂಡ ಕೇಳಿಸುವುದಿಲ್ಲ.

ಅದಕ್ಕೆ ಬೋರ್ಡ್ ಹತ್ತಿರ ಪೂರ್ತಿ ನಿಲ್ಲಿಸು. ಎಂಜಿನ್ ಆಫ್ ಮಾಡು. ಹೆಲ್ಮೆಟ್ಟಿನ ಗಾಜು ಎತ್ತಿ, ಎರಡೂ ಕಡೆ ನೋಡಿ, ಕಿವಿಗೊಟ್ಟು ಕೇಳು. ಗುಂಪಿನಲ್ಲಿ ಆರು ಗಾಡಿ ಇದ್ದರೆ ಆರೂ ಜನ ಬೇರೆಬೇರೆಯಾಗಿ ಹೀಗೇ ಮಾಡಬೇಕು. ಮುಂದಿನವನು ದಾಟಿದ ಅಂತ ಹಿಂದೆಯೇ ನುಗ್ಗಬಾರದು. ಒಬ್ಬ ದಾಟಿ ಆಚೆ ಸಾಕಷ್ಟು ದೂರ ಹೋದ ಮೇಲೆ ಇನ್ನೊಬ್ಬ. ಇಲ್ಲದಿದ್ದರೆ ಮುಂದಿನವರು ಆಚೆ ನಿಂತು ಹರಟುತ್ತಿರುತ್ತಾರೆ, ಕೊನೆಯವನಿಗೆ ಜಾಗ ಸಾಲದೆ ಹಳಿ ಮೇಲೆ ನಿಂತಿರುತ್ತಾನೆ. ಬೋಗಿ ಹಳಿಗಿಂತ ಎರಡೂ ಕಡೆ ಸುಮಾರು ಮೂರು ಅಡಿ ಹೊರಗೆ ಚಾಚಿರುತ್ತದೆ, ಅದನ್ನೂ ನೆನಪಿಡು. ಎರಡು ಜೊತೆ ಹಳಿ ಇದ್ದರೆ ಒಂದು ರೈಲು ಹೋದ ಕೂಡಲೇ ಹೊರಡಬೇಡ, ಇನ್ನೊಂದು ಅದರ ಮರೆಯಲ್ಲಿ ಬರುತ್ತಿರಬಹುದು. ದಾಟುವಾಗ ನೇರವಾಗಿ ದಾಟು. ಓರೆಯಾಗಿ ಹೋದರೆ ಸ್ಕೀ ಹಳಿಗೆ ಸಿಕ್ಕಿಕೊಂಡು ಗಾಡಿ ತಿರುಗುತ್ತದೆ.

ಗಾಡಿ ಹಳಿ ಮೇಲೆ ಸಿಕ್ಕಿಕೊಂಡರೆ ಎಳೆಯುತ್ತಾ ನಿಲ್ಲಬೇಡ. ಬಾಡಿಗೆ ಗಾಡಿ, ದುಡ್ಡು ಕಟ್ಟಬೇಕು ಅಂತ ಆ ಹೊತ್ತಿಗೆ ಅನ್ನಿಸುತ್ತದೆ, ಅನ್ನಿಸಲಿ. ಇಳಿದು ಓಡು. ರೈಲು ಬರುತ್ತಿದ್ದರೆ ಹಳಿಯಿಂದ ದೂರಕ್ಕೆ, ಆದರೆ ರೈಲು ಬರುವ ದಿಕ್ಕಿಗೇ ಓರೆಯಾಗಿ ಓಡು. ಕೇಳಲು ವಿಚಿತ್ರ ಅನಿಸಬಹುದು. ಡಿಕ್ಕಿಯಾದಾಗ ಗಾಡಿಯ ಚೂರುಗಳು ರೈಲು ಹೋಗುವ ದಿಕ್ಕಿಗೆ ಹಾರುತ್ತವೆ, ಅದಕ್ಕೇ ಹೀಗೆ. ರೈಲು ಇನ್ನೂ ಕಾಣದಿದ್ದರೆ ದೂರ ನಿಂತು ನೀಲಿ ಬೋರ್ಡಿನ ನಂಬರಿಗೆ ಫೋನ್ ಮಾಡು. ಬೋರ್ಡಿನ ಮೇಲೆ ಆರು ಅಂಕಿ ಮತ್ತು ಒಂದು ಅಕ್ಷರ ಇರುತ್ತದೆ. ಅದು ಆ ಕ್ರಾಸಿಂಗ್‌ನ ಗುರುತು, ದೇಶದಲ್ಲಿ ಅಂಥದ್ದು ಇನ್ನೊಂದು ಇರುವುದಿಲ್ಲ. ಅದನ್ನು ಓದಿ ಹೇಳಿದರೆ ಸಾಕು, ನೀನು ಎಲ್ಲಿದ್ದೀಯ ಅಂತ ಅವರಿಗೆ ಗೊತ್ತಾಗುತ್ತದೆ.

ಕುಡಿದು ಓಡಿಸಬೇಡ. ಟ್ರೇಲ್ ಪಕ್ಕ ಬಾರ್‌ಗಳು ಜಾಸ್ತಿ, ಅದಕ್ಕೆ ಹೇಳುತ್ತಿದ್ದೇನೆ. ಹಳಿ ಮಧ್ಯದಲ್ಲಿ ಸವಾರಿ ಮಾಡಿದರೆ ಚೆನ್ನಾಗಿರುತ್ತದೆ ಅಂತ ಯಾರಾದರೂ ಹೇಳಿದರೆ ಅವರ ಜೊತೆ ಹೋಗಬೇಡ.

ಪ್ರಶ್ನೆ: ಒಂಟಾರಿಯೋದಲ್ಲಿ ಇದೇ ಕ್ರಮವೇ?

ಉತ್ತರ: ಅಲ್ಲ. ಮೇಲೆ ಹೇಳಿದ ವಿಸ್ಕಾನ್ಸಿನ್ ಕಾನೂನು ನಿಮಗೆ ಅನ್ವಯಿಸುವುದಿಲ್ಲ. ಕೆನಡಾದಲ್ಲಿ ಮೊದಲು ನೋಡಬೇಕಾದ್ದು ಆ ರೈಲ್ವೆ ಫೆಡರಲ್ ಸರ್ಕಾರದ ಕೆಳಗಿದೆಯಾ, ಪ್ರಾಂತ್ಯದ ಕೆಳಗಿದೆಯಾ ಅಂತ. ಫೆಡರಲ್ ಆಗಿದ್ದರೆ ರೈಲ್ವೆ ಕಂಪನಿ ಜೊತೆ ಒಪ್ಪಂದಕ್ಕೆ ಪ್ರಯತ್ನ ಮಾಡಿ. ಒಪ್ಪಂದ ಕುದುರದಿದ್ದರೆ ಕೆನಡಿಯನ್ ಟ್ರಾನ್ಸ್‌ಪೋರ್ಟೇಷನ್ ಏಜೆನ್ಸಿಗೆ ಹೋಗಲು ದಾರಿ ಇದೆ. ಕ್ರಾಸಿಂಗ್ ಹೇಗಿರಬೇಕು, ಎಷ್ಟು ದೂರ ಕಾಣಬೇಕು ಅನ್ನುವುದಕ್ಕೆ 2014ರ ಗ್ರೇಡ್ ಕ್ರಾಸಿಂಗ್ ನಿಯಮಗಳಿವೆ. ಒಂಟಾರಿಯೋದ ಸ್ನೋಮೊಬೈಲ್ ಕ್ಲಬ್ಬುಗಳ ಒಕ್ಕೂಟ ಸುಮಾರು 30,000 ಕಿಲೋಮೀಟರ್ ಟ್ರೇಲ್ ನೋಡಿಕೊಳ್ಳುತ್ತದೆ. ನೀವು ಒಬ್ಬರೇ ಹೋಗುವ ಬದಲು ನಿಮ್ಮ ಊರಿನ ಕ್ಲಬ್ಬಿನ ಮೂಲಕ ಅವರನ್ನು ಕೇಳಿ.

ಪ್ರಶ್ನೆ: ನನ್ನ ಮಗ ವಿಸ್ಕಾನ್ಸಿನ್‌ನಲ್ಲಿ ಕೆಲಸದಲ್ಲಿದ್ದಾನೆ. ಹಿಮದ ಗಾಡಿಯಲ್ಲಿ ಹಳಿ ದಾಟುವ ಫೋಟೋ ಕಳಿಸಿದ್ದ. ಅದರಲ್ಲಿ ಗೇಟೂ ಇಲ್ಲ, ಗೇಟ್‌ಮನ್ನೂ ಇಲ್ಲ. ನಮ್ಮ ಮನೆ ಬೀರೂರಿನ ರೈಲ್ವೆ ಗೇಟಿನ ಹತ್ತಿರವೇ ಇದೆ, ರೈಲು ಬರುವ ಎಷ್ಟೋ ಹೊತ್ತು ಮುಂಚೆ ಗೇಟ್ ಹಾಕುತ್ತಾರೆ. ಅಮೆರಿಕದಂಥ ದೇಶದಲ್ಲಿ ಹೀಗೆ ಬಿಡುತ್ತಾರಾ?

ಉತ್ತರ: ಅಮ್ಮಾ, ಬಿಡುತ್ತಾರೆ. ನಿಮ್ಮ ಆತಂಕ ಸುಮ್ನೆ ಅಲ್ಲ. ನಮ್ಮ ದೇಶದಲ್ಲಿ ಬ್ರಾಡ್‌ಗೇಜ್ ದಾರಿಯಲ್ಲಿದ್ದ ಕಾವಲಿಲ್ಲದ ಗೇಟುಗಳನ್ನೆಲ್ಲ 2019ರ ಜನವರಿಯೊಳಗೆ ತೆಗೆದುಹಾಕಿದರು. ಕೆಲವು ಕಡೆ ಗೇಟ್‌ಮನ್ ಇಟ್ಟರು, ಕೆಲವು ಕಡೆ ಕೆಳಸೇತುವೆ ಮಾಡಿದರು, ಕೆಲವನ್ನು ಮುಚ್ಚಿದರು. ಅಮೆರಿಕದಲ್ಲಿ ರಸ್ತೆ, ಖಾಸಗಿ ದಾರಿ ಎಲ್ಲ ಸೇರಿ 2 ಲಕ್ಷಕ್ಕೂ ಹೆಚ್ಚು ಕ್ರಾಸಿಂಗ್ ಇವೆ. ಗೇಟ್‌ಮನ್ ಅನ್ನುವ ಕೆಲಸವೇ ಇಲ್ಲಿ ಈಗ ಕಾಣಸಿಗುವುದಿಲ್ಲ. ದೊಡ್ಡ ರಸ್ತೆಗಳಲ್ಲಿ ತಾನೇ ಬೀಳುವ ಗೇಟ್ ಇರುತ್ತದೆ. ಸಣ್ಣ ಕಡೆ ಬೋರ್ಡ್ ಮಾತ್ರ. ನಿಂತು ನೋಡುವ ಜವಾಬ್ದಾರಿ ದಾಟುವವನದ್ದೇ.

ಮಗನಿಗೆ ಬೈಯಬೇಡಿ. ಫೋಟೋದಲ್ಲಿ ಸ್ಟಾಪ್ ಬೋರ್ಡ್ ಇತ್ತಾ ಅಂತ ಕೇಳಿ. ಇತ್ತು ಅಂದರೆ, ಅಲ್ಲಿ ಎಂಜಿನ್ ಆಫ್ ಮಾಡಿದ್ಯಾ ಅಂತ ಕೇಳಿ. ವಿಸ್ಕಾನ್ಸಿನ್‌ನಲ್ಲಿ 1985ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಸ್ನೋಮೊಬೈಲ್ ಓಡಿಸಲು ಸುರಕ್ಷತೆಯ ಪಾಠ ಮುಗಿಸಿ ಸರ್ಟಿಫಿಕೇಟ್ ಪಡೆದಿರಬೇಕು. ಅದು ಇದೆಯಾ ಅಂತಲೂ ಕೇಳಿ. ಅಮ್ಮ ಕೇಳಿದರೆ ಮಾಡಿಸಿಕೊಳ್ಳುತ್ತಾನೆ.

ಪ್ರಶ್ನೆ: ನಮ್ಮ ಕ್ಲಬ್ಬಿಗೆ ಕೊನೆಗೂ ಪರ್ಮಿಟ್ ಸಿಕ್ಕಿತು! ಹಲಗೆ ಕೂರಿಸಿದ್ದಾರೆ. ಇನ್ನು ನಾವು ಮಾಡುವುದು ಏನಾದರೂ ಉಳಿದಿದೆಯಾ?

ಉತ್ತರ: ತುಂಬಾ ಖುಷಿಯಾಯಿತು. ಕೆಲಸ ಶುರುವಾಗುವುದೇ ಈಗ. ಪರ್ಮಿಟ್ಟಿನ ಷರತ್ತಿನ ಹಾಳೆಯನ್ನು ಕ್ಲಬ್ಬಿನ ಎಲ್ಲರೂ ಓದಲಿ, ಅದರಲ್ಲೂ ಗ್ರೂಮರ್ ಓಡಿಸುವವರು. ಹಿಮ ಸಮ ಮಾಡುವ ಆ ದೊಡ್ಡ ಯಂತ್ರದ ಹಿಂದೆ ಎಳೆಯುವ ಕಬ್ಬಿಣದ ಡ್ರ್ಯಾಗ್ ಇದೆಯಲ್ಲ, ಹಳಿ ಹತ್ತಿರ ಬಂದಾಗ ಅದನ್ನು ಎತ್ತಲೇಬೇಕು. ಎತ್ತದಿದ್ದರೆ ಅದು ಹಲಗೆಗೆ ಸಿಕ್ಕಿ ಕೀಳುತ್ತದೆ, ಇಲ್ಲವೇ ಸಂದಿನೊಳಗೆ ಹಿಮ ತುಂಬಿಸುತ್ತದೆ. ನಮ್ಮಲ್ಲಿ ಹಳಿಗೆ ಐವತ್ತು ಅಡಿ ಮುಂಚೆ ಎರಡೂ ಕಡೆ ಕಿತ್ತಳೆ ಬಣ್ಣದ ಕೋಲು ನೆಟ್ಟಿದ್ದೇವೆ. ಕೋಲು ಕಂಡರೆ ಡ್ರ್ಯಾಗ್ ಮೇಲೆ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಓಡಿಸುವವರಿಗೂ ಅದು ಕಾಣುತ್ತದೆ.

ಸಂದಿನಲ್ಲಿ ಮಂಜುಗಡ್ಡೆ ಕಂಡರೆ ನೀವೇ ಹಾರೆ ಹಿಡಿದು ಇಳಿಯಬೇಡಿ, ಹಳಿ ಮೇಲೆ ಯಾರು ಕೆಲಸ ಮಾಡಬಹುದು ಅಂತ ನಿಮ್ಮ ಒಪ್ಪಂದದಲ್ಲಿ ಬರೆದಿರುತ್ತದೆ, ಅದರಂತೆ ರೈಲ್ವೆಯವರಿಗೆ ತಿಳಿಸಿ. ಸ್ಟಾಪ್ ಬೋರ್ಡುಗಳ ಮೇಲೆ ಹಿಮ ಅಂಟಿಕೊಂಡರೆ ಒರೆಸಲು ವಾರಕ್ಕೊಬ್ಬರನ್ನು ಗೊತ್ತುಮಾಡಿ. ಇನ್ಶೂರೆನ್ಸ್ ನವೀಕರಿಸುವ ತಾರೀಖನ್ನು ಇಬ್ಬರ ಫೋನಿನಲ್ಲಿ ಹಾಕಿಡಿ, ಒಬ್ಬರದ್ದರಲ್ಲಿ ಸಾಲದು. ಅದು ಒಂದು ದಿನ ತಪ್ಪಿದರೂ ಕ್ರಾಸಿಂಗ್ ಮುಚ್ಚಲು ಅವರಿಗೆ ಕಾರಣ ಸಿಗುತ್ತದೆ.

ಮಾರ್ಚ್ ಕೊನೆಗೆ ಟ್ರೇಲ್ ಮುಚ್ಚಿದ ದಿನವೇ ಎರಡೂ ಕಡೆ ಅಡ್ಡಗೇಟ್ ಹಾಕಿ ಬೀಗ ಜಡಿಯಿರಿ. ಇಲ್ಲದಿದ್ದರೆ ಬೇಸಿಗೆಯಲ್ಲಿ ನಾಲ್ಕು ಚಕ್ರದ ಬೈಕಿನವರು ಅದೇ ದಾರಿಯಲ್ಲಿ ದಾಟಲು ಶುರು ಮಾಡುತ್ತಾರೆ. ಆಗಸ್ಟಿನಲ್ಲಿ ಒಂದು ಭಾನುವಾರ ಎಲ್ಲರೂ ಸೇರಿ, ರೈಲ್ವೆಯವರಿಗೆ ಮೊದಲೇ ಹೇಳಿ, ಅವರು ಒಪ್ಪಿದ ಕಡೆ ಪೊದೆ ಕಡಿಯಿರಿ. ಕಡಿದ ಮೇಲೆ ಹಳಿಯಿಂದ ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ, ಮಂಡಿಯೂರಿ ಕೂತು, ಎರಡೂ ಕಡೆ ಒಮ್ಮೆ ನೋಡಿ.